ಚಳಿಗಾಲದ ಕೊಡುಕೊಳೆ

ಒಣಕೊಬ್ಬರಿಯನ್ನು ಒಂದೇ ಅಳತೆಗೆ ಸಣ್ಣಗೆ ಹೆಚ್ಚುವುದು ತಾಳ್ಮೆಯ ಕೆಲಸ. ಅಚ್ಚುಬೆಲ್ಲವನ್ನು ಪುಡಿಯಾಗದಂತೆ ಹೆಚ್ಚುವುದು ತಪಸ್ಸು. ಸಂಕ್ರಾಂತಿಯ ಹಿಂದಿನ ವಾರ ಇವೆರಡನ್ನೂ ನಮ್ಮ ಮನೆಯಲ್ಲಿ ನನಗೇ ಒಪ್ಪಿಸುತ್ತಾರೆ. ನನ್ನ ಕೈಚಳಕ ಅಷ್ಟು ದೊಡ್ಡದೆಂದು ನೀವು ಭಾವಿಸಬೇಡಿ. ಜನವರಿಯಲ್ಲಿ ನನ್ನ ಕೈಗೆ ಏನಾದರೂ ಕೆಲಸ ಕೊಟ್ಟು ಕೂರಿಸದಿದ್ದರೆ ಬೇಸ್‌ಬಾಲ್ ಸುದ್ದಿ ಹಿಡಿದು ಎಲ್ಲರ ತಲೆ ತಿನ್ನುತ್ತೇನೆಂಬುದು ನನ್ನ ಹೆಂಡತಿ ವಿದ್ಯಾಳ ಅನುಭವ. ಆದರೂ ನಾನು ಬಿಡುವವನಲ್ಲ. ಎಳ್ಳಿನ ಡಬ್ಬಕ್ಕೆ ಫೋನನ್ನು ಒರಗಿಸಿಟ್ಟುಕೊಂಡು, ಒಂದು ಕಣ್ಣು ಚಾಕುವಿನ ಮೇಲೆ, ಒಂದು ಕಣ್ಣು ಸುದ್ದಿಯ ಮೇಲೆ ಇಟ್ಟು ಹೆಚ್ಚುತ್ತಿರುತ್ತೇನೆ. ಬೆಲ್ಲದ ಚೂರು ದಪ್ಪವಾಗಿದ್ದರೆ ಆ ಹೊತ್ತಿಗೆ ಯಾವನೋ ಒಳ್ಳೆಯ ಆಟಗಾರ ಕೈತಪ್ಪಿಹೋದನೆಂದೇ ಅರ್ಥ.

ಬೇಸ್‌ಬಾಲಿನ ಗಂಧವಿಲ್ಲದ ಗೆಳೆಯರಿಗಾಗಿ ಎರಡು ಮಾತು. ಈ ಆಟ ವಸಂತದಲ್ಲಿ ಶುರುವಾಗಿ ಎಲೆ ಉದುರುವ ಹೊತ್ತಿಗೆ ಮುಗಿಯುತ್ತದೆ. ಚಳಿಗಾಲದಲ್ಲಿ ಆಟವಿಲ್ಲ, ಆದರೆ ತಂಡಗಳಿಗೆ ಬಿಡುವೂ ಇಲ್ಲ. ಒಪ್ಪಂದ ಮುಗಿದ ಆಟಗಾರನನ್ನು ಕರೆದು ಸಹಿ ಹಾಕಿಸಿಕೊಳ್ಳುವುದು ಒಂದು ಬಗೆ. ಒಪ್ಪಂದದಲ್ಲಿ ಇರುವವನನ್ನೇ ಇನ್ನೊಂದು ಊರಿಗೆ ಕೊಟ್ಟು ಅಲ್ಲಿಂದ ಬೇರೊಬ್ಬನನ್ನು ತರುವುದು, ಅಂದರೆ ಟ್ರೇಡ್, ಇನ್ನೊಂದು ಬಗೆ. ನಮ್ಮಂಥ ಅಭಿಮಾನಿಗಳಿಗೆ ಇದು ಆಟಕ್ಕಿಂತ ದೊಡ್ಡ ಆಟ. ಗಂಡು ಹೆಣ್ಣು ಒಪ್ಪಿದರೂ ತಮಗೆ ಒಪ್ಪಿಗೆಯಾಗಬೇಕೆನ್ನುವ ಸೋದರತ್ತೆಯರ ಹಾಗೆ ನಾವು ಪ್ರತಿ ಸಂಬಂಧವನ್ನೂ ತೂಗುತ್ತೇವೆ. ವಯಸ್ಸು ಮೀರಿತಲ್ಲ, ಮೊಣಕೈ ಆಪರೇಷನ್ ಆಗಿದೆಯಂತಲ್ಲ, ಹಿಂದಿನ ಊರಿನಲ್ಲಿ ಹೊಂದಿಕೊಳ್ಳಲಿಲ್ಲವಂತಲ್ಲ ಎಂದು, ಕಾಣದ ಜಾತಕದಲ್ಲಿ ಕಾಣದ ದೋಷ ತೆಗೆಯುತ್ತೇವೆ. ನಮ್ಮನ್ನು ಯಾರೂ ಕೇಳಿರುವುದಿಲ್ಲ ಎಂಬುದು ಬೇರೆ ಮಾತು.

ನಾನಂತೂ ಈ ವಿಷಯದಲ್ಲಿ ನಿಷ್ಠುರವಾದಿ. ನಾವಿರುವುದು ಕಾಪೆಲ್‌ನಲ್ಲಿ, ಹಾಗಾಗಿ ಡಲ್ಲಸ್ ಸೀಮೆಯ ತಂಡವೇ ನನ್ನ ತಂಡ. ಅದರ ಒಬ್ಬ ಎಡಗೈ ಪಿಚರ್, ಅಂದರೆ ಚೆಂಡೆಸೆಯುವವನು, ಇಡೀ ಊರಿಗೆ ಮುದ್ದಿನ ಮಗನಂತಿದ್ದ. ಹೋದ ಚಳಿಗಾಲ ಅವನನ್ನು ದೂರದ ತಂಡಕ್ಕೆ ಕೊಟ್ಟಾಗ ಊರೆಲ್ಲ ಮರುಗಿತು; ನಾನು ಮಾತ್ರ, ತಂಡದ ಹಿತದ ಮುಂದೆ ಭಾವನೆಗೇನು ಕೆಲಸ ಎಂದು ಊಟದ ಮೇಜಿನ ಮುಂದೆ ಪ್ರವಚನ ಕೊಟ್ಟೆ. ಅದೇ ಪ್ರವಚನದಲ್ಲಿ ನನಗೆ ಸೇರದ ಒಂದು ನಿಯಮವನ್ನೂ ಬೈದಿದ್ದೆ. ಹತ್ತು ವರ್ಷ ಈ ದೊಡ್ಡ ಆಟ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಇದ್ದವನನ್ನು ಅವನ ಒಪ್ಪಿಗೆಯಿಲ್ಲದೆ ಬೇರೆ ಊರಿಗೆ ಕೊಡುವಂತಿಲ್ಲ. ಅವನು ಒಲ್ಲೆನೆಂದರೆ ಮುಗಿಯಿತು. ಇದನ್ನು ಇಲ್ಲಿ ಟೆನ್-ಅಂಡ್-ಫೈವ್ ಎನ್ನುತ್ತಾರೆ. ಹೀಗೆ ಒಬ್ಬೊಬ್ಬರೂ ಪಟ್ಟು ಹಿಡಿದರೆ ತಂಡ ಕಟ್ಟುವುದು ಹೇಗೆ ಎಂದು ನಾನು ಗುಡುಗುತ್ತಿದ್ದಾಗ ಎದುರಿಗೆ ಕೂತು ಮೊಸರನ್ನ ತಿನ್ನುತ್ತಿದ್ದವಳು ಮಗಳು ಸಿರಿ. ಅವಳು ತನ್ನ ಹೈಸ್ಕೂಲಿನಲ್ಲಿ ಬೇಸ್‌ಬಾಲಿನ ತಂಗಿಯಂಥ ಆಟವಾದ ಸಾಫ್ಟ್‌ಬಾಲ್ ತಂಡದ ಕ್ಯಾಚರ್, ಪಿಚರ್ ಎಸೆದ ಚೆಂಡನ್ನು ಕುಕ್ಕರಗಾಲಿನಲ್ಲಿ ಕೂತು ಹಿಡಿಯುವವಳು. ಕೈಗೆ ಬಂದದ್ದನ್ನು ಬಿಡುವ ಅಭ್ಯಾಸ ಅವಳಿಗಿಲ್ಲ.

ಇನ್ನು ನಮ್ಮ ಸಂಕ್ರಾಂತಿಯ ಪದ್ಧತಿ. ಹಬ್ಬದ ಹತ್ತಿರದ ಶನಿವಾರ ನಾವು ಕಾಪೆಲ್‌ನಿಂದ, ಕುಲಕರ್ಣಿಯವರು ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕ್‌ನಿಂದ ಹೊರಟು, ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ರತ್ನಾ ಆಂಟಿಯ ಮನೆಯಲ್ಲಿ ಸೇರುತ್ತೇವೆ. ಕುಲಕರ್ಣಿಯವರು ಧಾರವಾಡದ ಎಂಜಿನಿಯರು, ಹ್ಯೂಸ್ಟನ್ ತಂಡದ ಪರಮ ಭಕ್ತರು. ಆಸ್ಟಿನ್ನಿಗೆ ಸ್ವಂತ ದೊಡ್ಡ ತಂಡವಿಲ್ಲ. ರತ್ನಾ ಆಂಟಿಗೆ ಆಟದ ಗೋಜೇ ಇಲ್ಲ. ನಮ್ಮ ಹಾಗೆ ಮೈಸೂರಿನಿಂದ ಬಂದು ಚಿಪ್ ಕಂಪನಿಯಲ್ಲಿ ದುಡಿದು ನಿವೃತ್ತರಾದ ಅವರಿಗೆ, ಹಬ್ಬದ ದಿನ ಇಬ್ಬರು ಗಂಡಸರು ಯಾರದೋ ಮೊಣಕೈಗಾಗಿ ಕಿತ್ತಾಡುವುದನ್ನು ನೋಡಿ ಸಾಕಾಗಿ, ಒಂದು ವರ್ಷ ಕಟ್ಟಪ್ಪಣೆ ಮಾಡಿದರು. “ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತ ತಾನೇ ಹಬ್ಬ ಮಾಡೋದು? ತಟ್ಟೆ ಯಾರ ಕೈಲಿರತ್ತೋ ಅವರು ಆ ವರ್ಷದ ವ್ಯಾಪಾರದ ಬಗ್ಗೆ ಒಳ್ಳೇದೇ ಹೇಳ್ಬೇಕು. ಬೈಯೋದಿದ್ರೆ ನಾಳೆ ಬೈಕೊಳ್ಳಿ.” ಅಂದಿನಿಂದ ಅದೇ ನಮ್ಮ ಶಾಸ್ತ್ರ. ತಂಡಕ್ಕೆ ಕೈಲಾಗದ ಮುದುಕನನ್ನು ಸೇರಿಸಿಕೊಂಡಿದ್ದರೂ, ಪಾಪ, ಅನುಭವಸ್ಥ ಎಂದು ಬಾಯಿ ಸಿಹಿ ಮಾಡಿಕೊಂಡೇ ಹೇಳಬೇಕು.

ಈ ವರ್ಷ ನಮ್ಮ ಮನೆಯಲ್ಲೇ ಒಂದು ವ್ಯಾಪಾರ ಕುದುರುವುದರಲ್ಲಿತ್ತು. ವಿದ್ಯಾಗೆ ಅವಳ ಕಂಪನಿ ಆಸ್ಟಿನ್ನಿನಲ್ಲಿ ದೊಡ್ಡ ಹುದ್ದೆ ಕೊಡುವುದಾಗಿ ಹೇಳಿತ್ತು. ಹಲವು ವರ್ಷ ಅವಳ ಕೈಗೆ ಬಂದು ಬಂದು ಜಾರುತ್ತಿದ್ದ ಹುದ್ದೆ ಅದು. ನನ್ನ ಕೆಲಸ ಮನೆಯಿಂದಲೇ ನಡೆಯುವಂಥದ್ದು, ಎಲ್ಲಿದ್ದರೂ ಸರಿ. ಉಳಿದವಳು ಸಿರಿ. ಶಿಶುವಿಹಾರದಿಂದ ಕಾಪೆಲ್‌ನಲ್ಲೇ ಓದಿದವಳು, ಇನ್ನೆರಡು ವರ್ಷದ ಶಾಲೆ ಬಾಕಿ. ಅವಳ ತಂಡದ ಪಿಚರ್ ಅವಳ ಪ್ರಾಣದ ಗೆಳತಿ. ಒಬ್ಬಳು ಎಸೆಯಬೇಕು, ಒಬ್ಬಳು ಹಿಡಿಯಬೇಕು ಎಂದು ಮಣ್ಣಲ್ಲಿ ಆಡುವ ವಯಸ್ಸಿನಿಂದ ನಿಶ್ಚಯವಾಗಿತ್ತು. ನಾವು ವಿಷಯ ಹೇಳಿದಾಗ ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೌನ ಸಮ್ಮತಿಯ ಲಕ್ಷಣವೆಂದು ಹಿರಿಯರು ಹೇಳಿದ್ದಾರಲ್ಲ, ನಾನು ಆ ಮಾತನ್ನು ಹಿಡಿದುಕೊಂಡು ನೆಮ್ಮದಿಯಾಗಿದ್ದೆ. ವಿದ್ಯಾ ನೆಮ್ಮದಿಯಾಗಿರಲಿಲ್ಲ. ತಿಂಗಳ ಕೊನೆಯೊಳಗೆ ಅವಳು ಕಂಪನಿಗೆ ಉತ್ತರ ಕೊಡಬೇಕಿತ್ತು.

ಸೀಡರ್ ಪಾರ್ಕಿನಲ್ಲಿ ಆ ಶನಿವಾರ ಸಿಹಿಪೊಂಗಲ್ ಘಮಘಮಿಸುತ್ತಿತ್ತು. ತಟ್ಟೆ ಮೊದಲು ಕುಲಕರ್ಣಿಯವರ ಕೈಗೆ ಹೋಯಿತು. ಪಾಪ, ಅವರ ಸ್ಥಿತಿ ಕಷ್ಟದ್ದೇ. ಬಹಳ ವರ್ಷ ಹ್ಯೂಸ್ಟನ್ನಿಗೆ ಆಡಿದ ಅವರ ಮೆಚ್ಚಿನ ಆಟಗಾರ ಒಪ್ಪಂದ ಮುಗಿಸಿ, ಬೇರೆ ಊರಿಗೆ ಸಹಿ ಹಾಕಿ ಹೋಗಿಬಿಟ್ಟಿದ್ದ. ಕುಲಕರ್ಣಿಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಎಳ್ಳಿನಲ್ಲಿ ಬೆರಳಾಡಿಸಿದರು.

“ಏನ್ ಹೇಳ್ಲಿರಿ? ಹೋದಾ. ಆದ್ರ ಇಷ್ಟು ವರ್ಷ ನಮ್ಮ ಕೂಡ ಇದ್ನಲ್ರಿ. ಅವ ಇದ್ದಾಗ ನಾನು ಆಫೀಸ್‌ನಿಂದ ಓಡಿ ಓಡಿ ಮನೀಗೆ ಬರ್ತಿದ್ದೆ. ಅಷ್ಟ ನನ್ನ ಒಳ್ಳೆ ಮಾತು.”

ಅನಂತರ ಮಾತು ನಮ್ಮ ಮನೆಯ ವಿಷಯಕ್ಕೆ ಹೊರಳಿತು. ಶಾಸ್ತ್ರದ ಪ್ರಕಾರ ಒಬ್ಬೊಬ್ಬರೂ ಆಸ್ಟಿನ್ನನ್ನು ಹೊಗಳಿದರು. ರತ್ನಾ ಆಂಟಿ ಕೆರೆಯನ್ನು, ಹಿಂದಿನ ಗುಡ್ಡವನ್ನು, ಹತ್ತಿರದ ದೇವಸ್ಥಾನವನ್ನು ಹೊಗಳಿದರು. ಕುಲಕರ್ಣಿಯವರು, ಡಲ್ಲಸ್ ತಂಡದಿಂದ ದೂರವಾಗುವುದೇ ನಿಮ್ಮ ಪುಣ್ಯ ಎಂದರು. ನಾನು ತಟ್ಟೆ ಹಿಡಿದು, ಇಡೀ ತಂಡಕ್ಕೆ ಲಾಭವಾಗುವ ಟ್ರೇಡ್ ಇದು ಎಂದು ಘೋಷಿಸಿ ಪಕ್ಕದಲ್ಲಿದ್ದ ಸಿರಿಗೆ ದಾಟಿಸಿದೆ.

ನಮ್ಮ ಸಿರಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಒಳ್ಳೆಯದನ್ನೇ ಹೇಳಬೇಕೆಂಬ ನಿಯಮವನ್ನು ಮುರಿಯಲು ಅವಳಿಗೆ ಇಷ್ಟವಿರಲಿಲ್ಲವೆಂದು ಕಾಣುತ್ತದೆ.

“ಕಾಪೆಲ್ ಈಸ್ ಗುಡ್,” ಎಂದಳು. “ನಮ್ಮ ಫೀಲ್ಡ್ ಗುಡ್. ಮೈ ಕೋಚ್ ಈಸ್ ಗುಡ್. ಮೈ ಪಿಚರ್ ಈಸ್ ರಿಯಲಿ, ರಿಯಲಿ ಗುಡ್.” ಅವಳು ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿದಳು. “ಅಪ್ಪಾ, ಐ ಹ್ಯಾವ್ ಟೆನ್-ಅಂಡ್-ಫೈವ್ ರೈಟ್ಸ್.”

ಕುಲಕರ್ಣಿಯವರು ನನ್ನ ಕಡೆ ತಿರುಗಿ ಹೋ ಎಂದು ನಕ್ಕು, “ಹೋತು ತಗೀರಿ ಮೈಸೂರವ್ರ, ನಿಮ್ಮ ಟ್ರೇಡ್ ಕ್ಯಾನ್ಸಲ್ ಆತು!” ಎಂದರು. ಸಿರಿ ನಗಲಿಲ್ಲ. ಕುಲಕರ್ಣಿಯವರ ನಗು ಅರ್ಧಕ್ಕೇ ನಿಂತಿತು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಅಷ್ಟು ಚಳಿಗಾಲ ನಾನು ಬೆಕ್ಕಾಗಿದ್ದೆ. ಈಗ ಇಲಿ ನನ್ನ ಪಕ್ಕದಲ್ಲಿ ತಟ್ಟೆ ಹಿಡಿದು ಕೂತಿತ್ತು. ವಿದ್ಯಾ ಎದ್ದು ಬಂದು ಮಗಳ ಕೈಯಿಂದ ತಟ್ಟೆ ತೆಗೆದುಕೊಂಡಳು. ಈಗ ಒಳ್ಳೆಯ ಮಾತಾಡುವ ಸರದಿ ಅವಳದು.

“ಇಷ್ಟು ದಿನ ಹೇಳ್ದೆ ಇದ್ದವಳು ಈಗಾದ್ರೂ ಹೇಳಿದ್ಯಲ್ಲ ಪುಟ್ಟ,” ಎಂದಳು. “ಅದು ಒಳ್ಳೇದು.”

ಮನೆಗೆ ವಾಪಸು ಡ್ರೈವ್ ಮಾಡುವಾಗ ಸಿರಿ ಹಿಂದಿನ ಸೀಟಿನಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕಿಟಕಿಯ ಕಡೆ ಮುಖ ಮಾಡಿದ್ದಳು. ಹುದ್ದೆ ಬಿಟ್ಟುಬಿಡುತ್ತೀಯಾ ಎಂದು ನಾನು ವಿದ್ಯಾಳನ್ನು ಕೇಳಿದೆ. ಅವಳು ಅರ್ಧ ದಾರಿಯ ವೇಕೊ ಊರು ದಾಟಿದ ಮೇಲೆ ಹೇಳಿದಳು. “ಅವಳನ್ನ ಕೀಳೋದು ಬೇಡ. ನಾನೂ ಬಿಡಲ್ಲ. ಸೋಮವಾರ ಹೋಗಿ ಶುಕ್ರವಾರ ಬರ್ತೀನಿ. ರತ್ನಾ ಆಂಟಿ ಆಗಲೇ ಅಡಿಗೆಮನೇಲಿ ಕಿವೀಲಿ ಹೇಳಿದ್ರು, ಮೇಲಿನ ರೂಮು ಖಾಲಿ ಇದೆ ಅಂತ. ಎರಡು ವರ್ಷ ತಾನೇ? ನೀವು ಸಾರು ಮಾಡೋದು ಕಲೀರಿ.”

ಗೆಳೆಯರೇ, ನನ್ನ ಅಭಿಪ್ರಾಯಗಳ ಅಂಗಡಿ ಅಂದಿನಿಂದ ಅರ್ಧ ಬಾಗಿಲು ಹಾಕಿದೆ. ಟ್ರೇಡ್ ಸುದ್ದಿ ಈಗಲೂ ಓದುತ್ತೇನೆ, ಚಟ ಎಲ್ಲಿ ಹೋಗುತ್ತದೆ. ಆದರೆ ಯಾರನ್ನು ಕೊಟ್ಟು ಯಾರನ್ನು ತಂದರೆಂದು ಓದಿದ ಮೇಲೆ, ಅವನ ಮಕ್ಕಳು ಯಾವ ಕ್ಲಾಸಿನಲ್ಲಿದ್ದಾರೋ, ಅವನ ಹೆಂಡತಿಗೆ ಆ ಊರಿನಲ್ಲಿ ಯಾರು ಗೆಳತಿಯರಿದ್ದರೋ ಎಂದು ಯೋಚನೆ ಬರುತ್ತದೆ. ನಾನು ಬೀಳ್ಕೊಡದೆ ಕಳಿಸಿದ ಆ ಎಡಗೈ ಪಿಚರನ್ನು ನೆನೆದು, ನಮ್ಮೂರಿನಲ್ಲಿ ಇದ್ದೆಯಲ್ಲಪ್ಪ, ಆ ಬೇಸಿಗೆಗಳು ಚೆನ್ನಾಗಿದ್ದವು ಎಂದು ಒಳಗೊಳಗೇ ಹೇಳಿಕೊಳ್ಳುತ್ತೇನೆ. ಈ ಪಾಠ ಕುಲಕರ್ಣಿಯವರದು. ಇದ್ದಷ್ಟು ದಿನ ಇದ್ದದ್ದಕ್ಕೆ ಋಣಿಯಾಗಿರುವುದು ಅಭಿಮಾನಿಗೆ ಸಾಧ್ಯವಿರುವ ಒಂದೇ ಸಹಿ ಎಂದು ಈಗ ನನಗನ್ನಿಸುತ್ತದೆ. ನಾನು ಹೀಯಾಳಿಸಿದ ಆ ನಿಯಮಕ್ಕೂ ಒಂದು ನಮಸ್ಕಾರ ಸಲ್ಲಬೇಕು. ಅಪ್ಪ ಅಮ್ಮನಿಗೆ ಒಲ್ಲೆ ಎನ್ನಲು ನಮ್ಮ ಮಗಳಿಗೆ ಯಾವ ದಾರಿಯೂ ಕಾಣದೆ ಇದ್ದಾಗ ಅದು ಅವಳ ಕೈಗೆ ಸಿಕ್ಕಿತು. ಇಲ್ಲದಿದ್ದರೆ ಅವಳು ಮಾತಾಡದೆಯೇ ನಮ್ಮೊಂದಿಗೆ ಬಂದುಬಿಡುತ್ತಿದ್ದಳು, ನಾವು ಅದನ್ನು ಹೊಂದಾಣಿಕೆ ಎಂದು ಕರೆಯುತ್ತಿದ್ದೆವು.

ಹಾಗೆಂದು ಎಲ್ಲವೂ ಸುಗಮವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಸಾರಿನ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ವಾರದ ನಡುವೆ ಮನೆ ಭಣಗುಟ್ಟುತ್ತದೆ. ವಿದ್ಯಾ ಶುಕ್ರವಾರ ಬರುವ ಹೊತ್ತಿಗೆ ಅವಳ ಬೆನ್ನು ಹಿಡಿದಿರುತ್ತದೆ, ಮುಖ ಬಾಡಿರುತ್ತದೆ. ಬೇಡವೆಂದ ಸಿರಿಯ ಮೇಲಾಗಲಿ, ನಿಷ್ಠುರವಾದಿಯಾದ ನನ್ನ ಮೇಲಾಗಲಿ ಅದರ ದಣಿವು ಬೀಳಲಿಲ್ಲ. ಬಿದ್ದದ್ದು ವಿದ್ಯಾ ಒಬ್ಬಳ ಮೇಲೆ. ಸಿರಿಗೆ ಅದು ತಿಳಿದಿದೆಯೋ ಇಲ್ಲವೋ ಎಂದು ನನಗೆ ಬಹಳ ದಿನ ಅನುಮಾನವಿತ್ತು. ಹದಿನಾರರ ವಯಸ್ಸು, ಕೇಳಿದರೆ ಭುಜ ಕುಣಿಸುತ್ತದೆ.

ಸಾಫ್ಟ್‌ಬಾಲ್ ಋತು ಶುರುವಾದ ಮೇಲೆ ಒಂದು ಶುಕ್ರವಾರ ಸಂಜೆ ಅವಳ ಶಾಲೆಯಲ್ಲಿ ಪಂದ್ಯವಿತ್ತು. ಹೆದ್ದಾರಿಯಲ್ಲಿ ಏನೋ ಅಡಚಣೆಯಾಗಿ ವಿದ್ಯಾ ಬಂದು ಸೇರುವಾಗ ಕೊನೆಯ ಸುತ್ತು ನಡೆಯುತ್ತಿತ್ತು. ಕತ್ತಿನಲ್ಲಿ ಆಫೀಸಿನ ಬ್ಯಾಡ್ಜ್ ಹಾಗೇ ನೇತಾಡುತ್ತಿತ್ತು. ಬಂದವಳೇ ಬೇಲಿಯ ಹಿಂದೆ ನನ್ನ ಪಕ್ಕ ಕೂತು, ಮಗಳ ಬೆನ್ನನ್ನು ನೋಡತೊಡಗಿದಳು. ಗೆಳತಿ ಎಸೆದಳು, ಸಿರಿ ಹಿಡಿದಳು. ಪಂದ್ಯ ಸೋತರು. ಆದರೂ ಆ ಇಬ್ಬರು ಹುಡುಗಿಯರು ಹೆಗಲ ಮೇಲೆ ಕೈ ಹಾಕಿಕೊಂಡೇ ಹೊರಗೆ ಬಂದರು.

ಸಿರಿ ತನ್ನ ಚೀಲವನ್ನು ನನ್ನ ಕಾರಿಗೆ ಎಸೆದು, ಎಂದಿನಂತೆ ನನ್ನ ಪಕ್ಕ ಬಂದು ಕೂರುವಳೆಂದುಕೊಂಡೆ. ಅವಳು ಅಮ್ಮನ ಕಾರಿನ ಹತ್ತಿರ ಹೋಗಿ ಕೈ ಚಾಚಿ ಕೀ ಕೇಳಿದಳು. ಅವಳಿಗೆ ಲೈಸೆನ್ಸ್ ಬಂದು ಹೆಚ್ಚು ದಿನವಾಗಿರಲಿಲ್ಲ. ವಿದ್ಯಾ ಇನ್ನೊಂದು ದಿನವಾಗಿದ್ದರೆ ಕೊಡುತ್ತಿರಲಿಲ್ಲ. ಅಂದು ಕೊಟ್ಟಳು. ನಾನು ನನ್ನ ಕಾರಿನಲ್ಲಿ ಅವರ ಹಿಂದೆಯೇ ಹೊರಟೆ. ಶಾಲೆಯ ಗೇಟು ದಾಟುವುದರೊಳಗೆ ವಿದ್ಯಾಳ ತಲೆ ಕಿಟಕಿಗೆ ಒರಗಿತು, ನಿದ್ದೆ ಹೋದಳೆಂದು ಹಿಂದಿನಿಂದಲೇ ತಿಳಿಯಿತು. ಮುಂದಿನ ಸಿಗ್ನಲ್‌ನಲ್ಲಿ ಸಿರಿ ಕಾರು ನಿಲ್ಲಿಸಿ, ತನ್ನ ತಂಡದ ಜಾಕೆಟ್ಟನ್ನು ಬಿಚ್ಚಿ ಅಮ್ಮನ ಮೇಲೆ ಹೊದಿಸಿದಳು. ಹಸಿರು ದೀಪ ಬಂದರೂ ಅವಳು ಜಾಕೆಟ್ಟಿನ ಅಂಚನ್ನು ಅಮ್ಮನ ಭುಜಕ್ಕೆ ಸರಿಪಡಿಸುತ್ತಲೇ ಇದ್ದಳು. ನನ್ನ ಹಿಂದಿನವನು ಹಾರ್ನ್ ಹೊಡೆದ. ನಾನು ಹೊಡೆಯಲಿಲ್ಲ.