ಬೆಂಚು ಬಿಡದ ಇಬ್ಬರು

ವಿಜಯನಗರದ ನಮ್ಮ ಬಸ್ ಸ್ಟಾಪಿನಲ್ಲಿ ಇರುವುದು ಒಂದೇ ಬೆಂಚು. ವಾಕಿಂಗ್ ಮುಗಿಸಿದ ಇಬ್ಬರು ರಿಟೈರಾದ ಯಜಮಾನರು ದಿನಾ ಬೆಳಿಗ್ಗೆ ಅದರ ಮೇಲೆ ಕೂತು ದೇಶ ಉದ್ಧಾರ ಮಾಡುತ್ತಾರೆ. ಮಾತಿಗೇನು ಸುಂಕವೇ? ಬಸ್ಸು ಹತ್ತಬೇಕಾದ ನಾವು ಹೆಂಗಸರು ನಿಂತೇ ಇರುತ್ತೇವೆ.

ಒಬ್ಬರಿಗೆ ಬಂಡವಾಳಶಾಹಿಯೇ ದೇವರು. ಸರ್ಕಾರಿ ಕೆಲಸದಲ್ಲಿ ಸಿಕ್ಕ ಸೈಟಿನಲ್ಲಿ ಮನೆ ಕಟ್ಟಿ, ಸರ್ಕಾರಿ ಪಿಂಚಣಿಯಲ್ಲಿ ಉಣ್ಣುತ್ತಾ, ಬಿಟ್ಟಿ ಕೊಟ್ಟು ಕೊಟ್ಟು ಜನ ಸೋಮಾರಿಗಳಾದರು ಎನ್ನುತ್ತಾರೆ. ಇನ್ನೊಬ್ಬರು ಹಳೇ ಯೂನಿಯನ್ ಲೀಡರು. ಸಮಾಜವಾದದ ಭಾಷಣ ಮುಗಿಸಿ, ಮಹಡಿ ಮನೆಯ ಬಾಡಿಗೆ ಏರಿಸಲು ಹೋಗುತ್ತಾರೆ.

ನಮಗೆ ಟಿಕೆಟ್ ಫ್ರೀ ಆದಮೇಲೆ, ಬರೀ ಹೆಂಗಸರು ನಿಂತಿದ್ದರೆ ಕೆಲವು ಡ್ರೈವರುಗಳು ಬಸ್ಸು ನಿಲ್ಲಿಸುವುದಿಲ್ಲ. ಅದಕ್ಕೇ ಯಾರಾದರೊಬ್ಬ ಗಂಡಸನ್ನು ಮುಂದೆ ನಿಲ್ಲಿಸಿ ಕೈ ತೋರಿಸಲು ಹೇಳುತ್ತೇವೆ. ಮೊನ್ನೆ ಇವರಿಬ್ಬರನ್ನು ಬಿಟ್ಟರೆ ಬೇರೆ ಗಂಡಸೇ ಇರಲಿಲ್ಲ. ಲಗ್ಗೆರೆಯ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯೊಬ್ಬಳು ಬೇಡಿಕೊಂಡಳು. ತಡವಾದರೆ ಅವಳನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ.

"ಅಂಕಲ್, ಬಸ್ ಬರ್ತಾ ಇದೆ. ಸ್ವಲ್ಪ ಎದ್ದು ಕೈ ತೋರಿಸ್ತೀರಾ?"

"ದುಡ್ಡು ಕೊಡದೋರಿಗೆ ಯಾಕಮ್ಮ ನಿಲ್ಲಿಸ್ತಾರೆ?" ಎಂದರು ಬಂಡವಾಳದವರು.

"ಒಂದು ಬಸ್ ನಿಲ್ಸಿದ್ರೆ ಏನಾಗುತ್ತಮ್ಮ? ವ್ಯವಸ್ಥೆನೇ ಬದಲಾಗ್ಬೇಕು," ಎಂದರು ಯೂನಿಯನ್ನಿನವರು.

ಅಷ್ಟರಲ್ಲಿ ಬಸ್ಸು ಖಾಲಿ ಸೀಟುಗಳನ್ನು ತೋರಿಸುತ್ತಾ ಹೊರಟೇಹೋಯಿತು. ಹುಡುಗಿ ಅದರ ಹಿಂದೆ ಓಡಿದಳು.

"ನೋಡಿ, ನಾನ್ ಹೇಳ್ಲಿಲ್ವಾ?" ಎಂದು ಇಬ್ಬರೂ ಗೆದ್ದವರಂತೆ ಒಬ್ಬರಿಗೊಬ್ಬರು ಹೇಳಿಕೊಂಡರು, ಕೂತಲ್ಲಿಂದಲೇ.