ಸರ್ವಮಂಗಳಾ ಮೇಡಂ ಕುಡಿತ ಬಿಟ್ಟದ್ದು

ಜಯನಗರ ಏಳನೇ ಬ್ಲಾಕಿನಲ್ಲಿ ಸರ್ವಮಂಗಳಾ ಮೇಡಂ ಎಂದರೆ ಕನ್ನಡ ಟೀಚರ್ ಎಂದೇ ಗುರುತು. ಬನಶಂಕರಿಯ ಹೈಸ್ಕೂಲೊಂದರಲ್ಲಿ ಬಹಳ ವರ್ಷ ಪಾಠ ಮಾಡಿದವರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕಿವಿಯಲ್ಲಿ ಅಮ್ಮನ ಕಾಲದ ಬಿಳಿಕಲ್ಲಿನ ಓಲೆ. ದಾರಿಯಲ್ಲಿ ಹಳೆಯ ವಿದ್ಯಾರ್ಥಿ ಸಿಕ್ಕರೆ ಹೆಸರು ಹಿಡಿದೇ ಮಾತಾಡಿಸುತ್ತಿದ್ದರು. ಇಂಥ ಹೆಂಗಸು ದಿನಾ ಸಂಜೆ ಬ್ರಾಂದಿ ಕುಡಿಯುತ್ತಾರೆ ಎಂದು ಯಾರಾದರೂ ಹೇಳಿದ್ದರೂ ಬೀದಿಯಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಯಾರೂ ನಂಬದ ಕಾರಣಕ್ಕೇ ಅದು ಅಷ್ಟು ವರ್ಷ ನಡೆಯಿತು.

ಶುರುವಾದದ್ದು ದೊಡ್ಡ ದುಃಖದಿಂದೇನಲ್ಲ. ಗರ್ಭಕೋಶದ ಆಪರೇಷನ್ ಆದ ಮೇಲೆ ನಿದ್ದೆ ಹತ್ತಿರ ಸುಳಿಯದಾಯಿತು. ಗಂಡ ಶಾಮಣ್ಣ, ವಿಮಾ ಕಚೇರಿಯಲ್ಲಿದ್ದವರು, ಶೀತಕ್ಕೆಂದು ಬೀರುವಿನಲ್ಲಿ ಒಂದು ಬ್ರಾಂದಿ ಬಾಟಲಿ ಇಟ್ಟಿದ್ದರು. ಒಂದು ದಿನ ಸರ್ವಮಂಗಳಾ ಅದರಲ್ಲಿ ಎರಡು ಚಮಚ ಬಿಸಿನೀರಿಗೆ ಹಾಕಿಕೊಂಡರು. ನಿದ್ದೆ ಬಂತು. ವರ್ಷ ಕಳೆಯುವುದರೊಳಗೆ ಚಮಚ ಲೋಟವಾಯಿತು. ಸ್ಟೀಲ್ ಲೋಟದಲ್ಲಿ ಕುಡಿಯುತ್ತಾ "ಕಷಾಯ" ಎನ್ನುತ್ತಿದ್ದರು, ಬಾಯಲ್ಲಿ ಸದಾ ಸೋಂಪು. ಮನೆ ಹತ್ತಿರದ ಅಂಗಡಿಗೆ ಹೋಗುವಂತಿರಲಿಲ್ಲ. ಆಟೋ ಹತ್ತಿ ಕತ್ರಿಗುಪ್ಪೆಗೆ ಹೋಗಿ, ಬಟ್ಟೆ ಚೀಲ ಮುಂದೆ ಚಾಚಿ, "ಮನೆಗೆ ಗೆಸ್ಟ್ ಬರ್ತಿದ್ದಾರೆ" ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಶಾಮಣ್ಣನಿಗೆ ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು. ಮಾತೆತ್ತಿದರೆ ಅದು ನಿಜವಾಗಿಬಿಡುತ್ತದೆ ಎಂಬಂತೆ ಪೇಪರಿನಲ್ಲಿ ಮುಖ ಹುದುಗಿಸಿಕೊಂಡಿದ್ದರು.

ಗುಟ್ಟು ರಟ್ಟಾದದ್ದು ಒಬ್ಬಳೇ ಮಗಳು ಇಂಚರಳ ಸೀಮಂತದ ದಿನ. ಛತ್ರದ ತುಂಬ ಜನ. ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಇಂಚರ ಕೂತಿದ್ದಳು. ಆರತಿ ತಟ್ಟೆ ಹಿಡಿದು ಬಂದ ತಾಯಿಯ ಕಾಲು ಜಮಖಾನದ ಅಂಚಿಗೆ ಎಡವಿತು. ತಟ್ಟೆಯ ಸಮೇತ ತುಂಬು ಬಸುರಿಯ ಮೇಲೆಯೇ ಬಿದ್ದರು. ಕುಂಕುಮದ ನೀರು ಹಸಿರು ಸೀರೆಯ ಮೇಲೆಲ್ಲ ಹರಿಯಿತು. ಎತ್ತಲು ಬಂದ ಬೀಗಿತ್ತಿ ಬ್ರಾಂದಿಯ ವಾಸನೆ ಬಡಿದು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಆ ಒಂದು ಸನ್ನೆಯಿಂದ ಛತ್ರಕ್ಕೆಲ್ಲ ತಿಳಿಯಿತು.

ಮಗುವಿಗೆ ಏನೂ ಆಗಲಿಲ್ಲ. ಆದರೆ ಇಂಚರ ಬಾಣಂತನಕ್ಕೆ ತವರಿಗೆ ಬರಲಿಲ್ಲ. ಕುಮಾರಸ್ವಾಮಿ ಲೇಔಟಿನ ಅತ್ತೆ ಮನೆಯಲ್ಲೇ ಉಳಿದಳು. ಫೋನಿನಲ್ಲಿ ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ.

"ಅಮ್ಮ, ನೀನು ಮಗೂನ ಎತ್ಕೊಳ್ಳೋದು ಬೇಡ. ನಂಗೆ ಭಯ ಆಗುತ್ತೆ. ಅಷ್ಟೇ."

ಬಾಣಂತಿಗೆಂದು ಮಾಡಿಟ್ಟಿದ್ದ ಅಂಟಿನುಂಡೆಯ ಡಬ್ಬಿಯನ್ನು ಶಾಮಣ್ಣನೇ ಒಯ್ದು ಕೊಟ್ಟು ಬಂದರು. ಆ ಸಂಜೆ ಸರ್ವಮಂಗಳಾ ಎಂದಿಗಿಂತ ಹೆಚ್ಚು ಕುಡಿದರು. ಮಾರನೆಯ ದಿನ ಕೈ ಎಷ್ಟು ನಡುಗುತ್ತಿತ್ತೆಂದರೆ ಹಣೆಗೆ ಕುಂಕುಮ ಇಟ್ಟುಕೊಳ್ಳಲು ಆಗಲಿಲ್ಲ. ಕನ್ನಡಿಯ ಮುಂದೆ ನಿಂತೇ, "ರೀ, ನನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ" ಎಂದರು.

ಡಾಕ್ಟರು ಕೆಲವು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡು ಮೈಯೊಳಗಿನ ನಂಜು ಇಳಿಸಿದರು. ಕಳಿಸುವಾಗ ಹೇಳಿದರು: "ಮೈಗೆ ಮಾತ್ರೆ ಕೊಟ್ಟಿದ್ದೀನಿ. ಸಂಜೆ ಹೊತ್ತು ಮನಸ್ಸು ಎಳೆಯುತ್ತಲ್ಲ, ಅದಕ್ಕೆ ನನ್ನ ಹತ್ರ ಮಾತ್ರೆ ಸಾಲಲ್ಲ. ಜೆಪಿ ನಗರದಲ್ಲಿ ಕುಡಿತ ಬಿಟ್ಟವರ ಮೀಟಿಂಗ್ ನಡೆಯುತ್ತೆ. ಹೋಗಿ ಕೂತ್ಕೊಳ್ಳಿ."

ಭಾನುವಾರ ಬೆಳಿಗ್ಗೆ, ಒಂದು ಶಾಲೆಯ ಕೋಣೆ. ಶಾಮಣ್ಣ ಕಾರನ್ನು ಎರಡು ತಿರುವು ಹಿಂದೆಯೇ ನಿಲ್ಲಿಸಿ ಅಲ್ಲೇ ಉಳಿದರು. "ಎಲ್ಲರ ಮುಂದೆ ಹೇಳ್ಕೊಂಡ್ರೆ ಏನ್ ಬಂತು ಮಂಗಳಾ? ಇರೋ ಮರ್ಯಾದೇನೂ ಹೋಗುತ್ತೆ" ಎಂದು ಗೊಣಗಿದರು. ಒಳಗೆ ಕೂತವರೆಲ್ಲ ಗಂಡಸರು. ಬಾಗಿಲಲ್ಲೇ ಹಿಂದಿರುಗಲಿದ್ದವರಿಗೆ ಎರಡನೇ ಸಾಲಿನಲ್ಲಿ ಒಬ್ಬಳೇ ಹುಡುಗಿ ಕಂಡಳು. ಮೂವತ್ತರ ಆಸುಪಾಸು, ಜೀನ್ಸ್, ಕುರ್ತಾ. ಅವಳು ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಬನ್ನಿ ಮೇಡಂ. ನಾನೂ ಮೊದಲನೇ ದಿನ ಓಡಿಹೋಗೋಣ ಅಂತಲೇ ನಿಂತಿದ್ದೆ."

ಅವಳೇ ಮೈತ್ರೇಯಿ. ಬಿಟಿಎಂ ಲೇಔಟಿನ ಕ್ಲಿನಿಕ್ ಒಂದರಲ್ಲಿ ಫಿಸಿಯೋಥೆರಪಿಸ್ಟ್. ತಾಯಿಯೊಂದಿಗೆ ಸಿದ್ದಾಪುರದಲ್ಲಿ ವಾಸ. ಕುಡಿತ ಬಿಟ್ಟು ಆಗಲೇ ಕೆಲವು ವರ್ಷವಾಗಿತ್ತು.

ಅಲ್ಲಿ ಉಪದೇಶ ಮಾಡುವವರು ಇರಲಿಲ್ಲ. ಒಬ್ಬೊಬ್ಬರೇ ಹೆಸರು ಹೇಳಿ, ತಾನು ಕುಡುಕ ಎಂದು ಒಪ್ಪಿಕೊಂಡು, ತನ್ನ ಕತೆ ಹೇಳುತ್ತಿದ್ದರು. ಉಳಿದವರು ಸುಮ್ಮನೆ ಕೇಳುತ್ತಿದ್ದರು. ಅಲ್ಲಿ ಆಡಿದ ಮಾತು ಆ ಕೋಣೆ ದಾಟಬಾರದು ಎಂಬುದೊಂದು ಕಟ್ಟುನಿಟ್ಟು. ಸರ್ವಮಂಗಳಾ ಹಲವು ವಾರ ಬಾಯಿ ಬಿಡಲಿಲ್ಲ. ಕೊನೆಗೊಂದು ಭಾನುವಾರ ಎದ್ದು ನಿಂತರು.

"ನಾನು ಸರ್ವಮಂಗಳಾ. ಕುಡುಕ ಅನ್ನೋ ಪದಕ್ಕೆ ಹೆಣ್ಣಿಗೆ ಯಾವ ರೂಪ ಹೇಳ್ಬೇಕು ಅಂತ ಯೋಚನೆ ಮಾಡ್ತಾನೇ ಇಷ್ಟು ದಿನ ಕಳೆದೆ. ಕುಡುಕಿ. ನಾನು ಕುಡುಕಿ."

ಹೇಳಿ ಕುಳಿತಾಗ ಮೈ ಬೆವೆತಿತ್ತು. ಮೈತ್ರೇಯಿ ನೀರಿನ ಬಾಟಲಿ ಮುಂದೆ ಹಿಡಿದಳು.

ಆಮೇಲಿನ ದಿನಗಳಲ್ಲಿ ಅವರನ್ನು ಕಾಪಾಡಿದ್ದು ಸಭೆಯೋ ಮೈತ್ರೇಯಿಯೋ ಎಂದು ಬಿಡಿಸಿ ಹೇಳುವುದು ಕಷ್ಟ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಕುಡಿಯುವ ಆಸೆ ಗಂಟಲಿಗೆ ಬರುವ ಹೊತ್ತಿಗೆ, ಫೋನು ಬಡಿಯುತ್ತಿತ್ತು. ಮಾತು ಏನಾದರೂ ಇರಬಹುದು: ಕ್ಲಿನಿಕ್ಕಿಗೆ ಬಂದ ಮಂಡಿನೋವಿನ ಅಜ್ಜ, ಹಾಳಾದ ಮಿಕ್ಸಿ, ಮಧ್ಯಾಹ್ನದ ಹುಳಿಗೆ ಹೆಚ್ಚಾದ ಉಪ್ಪು. ಆ ಗಳಿಗೆ ದಾಟಿದರೆ ಸಾಕಿತ್ತು. ನಡುವೆ ಒಮ್ಮೆ ಸರ್ವಮಂಗಳಾ ಜಾರಿದರು. ಮೊಮ್ಮಗಳ ನಾಮಕರಣಕ್ಕೆ ಶಾಮಣ್ಣನನ್ನು ಮಾತ್ರ ಕರೆದಿದ್ದ ದಿನ ಅದು. ವಿಷಯ ತಿಳಿದು ಮೈತ್ರೇಯಿ ಕೆಲಸಕ್ಕೆ ರಜೆ ಹಾಕಿ ಬಂದಳು. ಉಳಿದ ಬ್ರಾಂದಿಯನ್ನು ಸಿಂಕಿಗೆ ಸುರಿದು, "ಮತ್ತೆ ಇವತ್ತಿಂದ ಶುರು ಮಾಡೋಣ ಮೇಡಂ" ಎಂದಳು. ಅವಮಾನ ಮಾಡಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಅದೇ ಕೊನೆ. ಆಮೇಲೆ ಸರ್ವಮಂಗಳಾ ಕುಡಿಯಲಿಲ್ಲ.

ಮೀಟಿಂಗ್ ಮುಗಿದ ಮೇಲೆ ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆಯುವುದು ರೂಢಿಯಾಯಿತು. ಕಾರು ಬೇಡವೆಂದು ಶಾಮಣ್ಣನಿಗೆ ಹೇಳಿಬಿಟ್ಟಿದ್ದರು. ಒಂದು ದಿನ ಸರ್ವಮಂಗಳಾ ಕೇಳಿದರು: "ನನ್ನ ಜೊತೆ ಬಂದ ಎಷ್ಟೋ ಜನ ಈಗ ಕಾಣ್ತಾನೇ ಇಲ್ಲ. ಇದ್ರಿಂದ ನಿಜವಾಗ್ಲೂ ಉಪಯೋಗ ಇದೆಯಾ ಮೈತ್ರೇಯಿ?"

"ಗೊತ್ತಿಲ್ಲ ಮೇಡಂ. ಇಲ್ಲಿಗೆ ಬರ್ತಾ ಇರೋ ತನಕ ನಾನು ಕುಡಿಯಲ್ಲ ಅನ್ನೋದಷ್ಟೇ ಗೊತ್ತು" ಎಂದು ಅವಳು ನಕ್ಕಳು.

ಅವಳು ಬರುವುದು ನಿಂತದ್ದು ಗೆಳತಿಯ ಮದುವೆಯಾದ ಮೇಲೆ. ರಿಸೆಪ್ಷನ್ನಿನಲ್ಲಿ ಯಾರೋ ಕೈಗಿತ್ತ ಒಂದು ಗ್ಲಾಸ್ ವೈನನ್ನು ಬೇಡವೆನ್ನಲಿಲ್ಲವಂತೆ. ಸಂಜೆಯ ಫೋನೂ ನಿಂತಿತು. ಸರ್ವಮಂಗಳಾ ಮಾಡಿದರೆ ಎತ್ತುತ್ತಿರಲಿಲ್ಲ. ವಿಳಾಸ ಹುಡುಕಿಕೊಂಡು ಸಿದ್ದಾಪುರದ ಮನೆಗೆ ಹೋದರು. ಬಾಗಿಲು ತೆರೆಯಲಿಲ್ಲ. ಕಿಟಕಿಯ ಸರಳಿನಾಚೆ ಮೈತ್ರೇಯಿಯ ಊದಿದ ಮುಖ ಕಂಡಿತು.

"ಬಾಗಿಲು ತೆಗಿಯಮ್ಮ. ನಾನು ಬಿದ್ದಾಗ ನೀನು ಬಂದಿದ್ದೆ. ಮತ್ತೆ ಇವತ್ತಿಂದ ಶುರು ಮಾಡೋಣ."

"ನಿಮಗೆ ಧೈರ್ಯ ಹೇಳಿದವಳು ನಾನು ಮೇಡಂ. ಈಗ ಬಂದು ನಿಮ್ಮ ಪಕ್ಕ ಹೇಗೆ ಕೂತ್ಕೊಳ್ಳಲಿ?"

"ಪಕ್ಕ ಬೇಡ, ಹಿಂದೆ ಕೂತ್ಕೋ. ಬಾ."

ಎರಡು ವಾರ ಬಂದಳು, ಹಿಂದಿನ ಸಾಲಿನಲ್ಲಿಯೇ ಕೂತಳು. ಮತ್ತೆ ಬರಲಿಲ್ಲ. ಸರ್ವಮಂಗಳಾ ಬಿಡಲಿಲ್ಲ. ವಾರಕ್ಕೊಮ್ಮೆಯಾದರೂ ಆ ಕಿಟಕಿಯ ಹತ್ತಿರ ನಿಂತು ಬಂದರು. ಸಭೆಯ ಹಿರಿಯರೊಬ್ಬರು, "ಕರೆಯೋದು ನಮ್ಮ ಕೆಲಸ, ಮೇಡಂ. ಎತ್ಕೊಂಡು ಬರೋಕಾಗಲ್ಲ" ಎಂದರು. ಆ ಮಾತು ನಿಜವೆಂದು ಗೊತ್ತಿತ್ತು. ಆದರೂ ಅವರ ಮೇಲೆ ಸಿಟ್ಟು ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ ಮೈತ್ರೇಯಿ ಕಣ್ಣು ಹಳದಿಯಾಗಿ, ಹೊಟ್ಟೆ ಊದಿ ಆಸ್ಪತ್ರೆ ಸೇರಿದಳು. ಸರ್ವಮಂಗಳಾ ಹೋದಾಗ ಗುರುತು ಹಿಡಿದು ಕೈ ಚಾಚಿದಳು. ಹೆಚ್ಚು ಮಾತಾಡುವ ಶಕ್ತಿ ಇರಲಿಲ್ಲ. "ನೀವು ಭಾನುವಾರ ಬಿಡಬೇಡಿ" ಎಂದಳು. ಅದೇ ವಾರ ತೀರಿಕೊಂಡಳು.

ತೀರಿಕೊಂಡ ದಿನ ವಾರ್ಡಿನ ಹೊರಗೆ ಅವಳ ತಾಯಿ ಮಧುಮತಿ ಗೋಡೆಗೊರಗಿ ಕೂತಿದ್ದರು. ಮನೆಯಲ್ಲಿ ರವಿಕೆ ಹೊಲಿದು ಮಗಳನ್ನು ಓದಿಸಿದ್ದ ಹೆಂಗಸು. ಸರ್ವಮಂಗಳಾ ಪಕ್ಕದಲ್ಲಿ ಕೂತಾಗ ತಲೆ ಎತ್ತಿ ನೋಡಿದರು.

"ನೀವೂ ಅಲ್ಲಿಗೇ ಹೋಗ್ತಿದ್ರಿ, ನನ್ನ ಮಗಳೂ ಅಲ್ಲಿಗೇ ಹೋಗ್ತಿದ್ಲು. ನಿಮಗೆ ಬಿಡ್ತು. ಅವಳಿಗ್ಯಾಕೆ ಬಿಡ್ಲಿಲ್ಲ?"

ವಾರ್ಡಿನವರು ಕರೆಯುವ ತನಕ ಸರ್ವಮಂಗಳಾ ಅಲ್ಲೇ ಕೂತಿದ್ದರು.

ಈಗ ಇಂಚರ ತಿಂಗಳಿಗೊಮ್ಮೆ ಮಗುವನ್ನು ಕರೆದುಕೊಂಡು ಬರುತ್ತಾಳೆ. ಅಜ್ಜಿಯ ತೊಡೆಯ ಮೇಲೆ ಕೂರಿಸುತ್ತಾಳೆ, ಆದರೆ ಪಕ್ಕದಿಂದ ಏಳುವುದಿಲ್ಲ. ಮಗು ಬಾಯಿ ಹತ್ತಿರ ಮೂಗು ತಂದರೆ ಸರ್ವಮಂಗಳಾ ಈಗಲೂ ಉಸಿರು ಬಿಗಿಹಿಡಿಯುತ್ತಾರೆ. ಕ್ಷಮಿಸು ಎಂದು ಅವರು ಎಂದೋ ಕೇಳಿದ್ದಾರೆ. "ಕ್ಷಮಿಸಿದ್ದೀನಿ ಅಮ್ಮ, ಭಯ ಹೋಗ್ಬೇಕಲ್ಲ" ಎಂದಿದ್ದಾಳೆ ಮಗಳು.

ಹೋದ ಮಂಗಳವಾರ ಬನಶಂಕರಿ ದೇವಸ್ಥಾನದಲ್ಲಿ, ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುವವರ ನಡುವೆ, ಮಧುಮತಿ ಸಿಕ್ಕರು. ಬಹಳ ಇಳಿದುಹೋಗಿದ್ದರು. ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂತರು. ಮಧುಮತಿ ಕೇಳಿದರು:

"ಮೇಡಂ, ಆ ಮೀಟಿಂಗಲ್ಲಿ ಅವಳು ನನ್ನ ಬಗ್ಗೆ ಏನ್ ಹೇಳ್ತಿದ್ಲು? ಒಂದ್ಸಲ ಕುಡ್ಕೊಂಡು ಬಂದಾಗ ಇಡೀ ರಾತ್ರಿ ಹೊರಗೇ ನಿಲ್ಸಿದ್ದೆ. ಅದನ್ನ ಹೇಳಿದ್ಲಾ?"

ಹೇಳಿದ್ದಳು. ಒಂದಲ್ಲ, ಹಲವು ಸಲ ಹೇಳಿದ್ದಳು. ಆ ಕೋಣೆಯ ಮಾತು ಕೋಣೆಯಲ್ಲೇ ಇರಬೇಕು. ಹೇಳಿದ್ದಳೆಂದರೆ ಈ ತಾಯಿ ಉಳಿಯಲಾರರು. ಇಲ್ಲವೆಂದರೆ ಸುಳ್ಳು. ಸರ್ವಮಂಗಳಾ ಮಧುಮತಿಯ ಕಡೆ ತಿರುಗಿದರು.

"ಒಳಗೆ ಆಡಿದ ಮಾತು ನಾನು ಹೇಳೋ ಹಾಗಿಲ್ಲ. ಅವಳೂ ಒಪ್ಪೋಳಲ್ಲ. ಬಸ್ ಸ್ಟಾಪಿಗೆ ನಡ್ಕೊಂಡು ಹೋಗ್ತಾ ಹೇಳಿದ್ದು ಹೇಳ್ತೀನಿ. 'ಬೇಗ ಹೋಗ್ಬೇಕು ಮೇಡಂ, ನಾನು ಹೋಗೋ ತನಕ ನಮ್ಮಮ್ಮ ಊಟ ಮಾಡಲ್ಲ' ಅಂತಿದ್ಲು. ಪ್ರತಿ ಭಾನುವಾರ ಅಂತಿದ್ಲು."

ಮಧುಮತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳು ನಿಂತ ಮೇಲೆ, "ಈಗ್ಲೂ ಹಂಗೇ ಕೂತಿರ್ತೀನಿ ಮೇಡಂ. ಅನ್ನ ಆರಿಹೋಗುತ್ತೆ" ಎಂದರು. ಮನೆಗೆ ಬನ್ನಿ, ಊಟ ಮಾಡೋಣ ಎಂದು ಸರ್ವಮಂಗಳಾ ಎಷ್ಟು ಕರೆದರೂ ಒಪ್ಪದೆ ಬಸ್ ಹತ್ತಿ ಹೋದರು.

ಆ ಭಾನುವಾರವೂ ಸರ್ವಮಂಗಳಾ ಜೆಪಿ ನಗರಕ್ಕೆ ಹೋದರು. ಅವರ ಸರದಿ ಬಂದಾಗ ಎದ್ದು ಹೆಸರು ಹೇಳಿದರು, ಕುಡುಕಿ ಎಂದರು. "ಇವತ್ತು ನಂಗೆ ಏನೂ ಹೇಳೋಕಾಗಲ್ಲ" ಎಂದು ಕೂತರು. ಯಾರೂ ಕಾರಣ ಕೇಳಲಿಲ್ಲ. ಮುಂದಿನವರು ಗಂಟಲು ಸರಿಮಾಡಿಕೊಂಡು ತಮ್ಮ ಹೆಸರು ಹೇಳಿದರು.