ಒಲೆಯ ಪಕ್ಕದ ಬಿಳಿ ಡಬ್ಬ

ಅಥವಾ ಆ ಡಬ್ಬ ನಿಜಕ್ಕೂ ಬಿಳಿಯೇ ಆಗಿತ್ತೇ? ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಅದು ನೀಲಿ ಅನ್ನಿಸಿತು. ಫೋಟೋದಲ್ಲಿ ಬಿಳಿಯಾಗಿದೆ, ಒಪ್ಪುತ್ತೇನೆ. ಆದರೆ ಆ ಫೋಟೋ ತೆಗೆದದ್ದು ಕರೆಂಟು ಹೋಗಿ, ಕಿಟಕಿಗಳಿಗೆಲ್ಲ ಮರದ ಹಲಗೆ ಮುಚ್ಚಿದ್ದ ಅಡುಗೆಮನೆಯಲ್ಲಿ, ಫೋನಿನ ಟಾರ್ಚ್ ಹಾಕಿಕೊಂಡು. ಆ ಬೆಳಕಿನಲ್ಲಿ ನಾನೂ ಬೆಳ್ಳಗೆ ಕಾಣುತ್ತಿದ್ದೆ.

ಒಂದು ಡಬ್ಬದ ಬಣ್ಣಕ್ಕೆ ಇಷ್ಟೊಂದು ಯಾಕೆ ಅಂತೀರಾ? ಅದರಿಂದಾಗಿ ನಮ್ಮ ಮನೆಯಲ್ಲಿ ಒಬ್ಬ ಮಗ ತಾಯಿಯ ಹತ್ತಿರ ನೆಟ್ಟಗೆ ಮಾತಾಡದೆ ವಾರಗಳೇ ಕಳೆದುಹೋದವು. ಮಧ್ಯದಲ್ಲಿ ನಾನು. ಸಾಕಾಗಿಹೋಗಿದೆ.

ಮೊದಲಿನಿಂದ ಹೇಳುತ್ತೇನೆ. (ಮೊದಲು ಎಂಬುದು ಎಲ್ಲಿದೆ ಎಂಬ ಬಗ್ಗೆ ನನಗೂ ನನ್ನ ಗಂಡ ಇಮ್ತಿಯಾಜ್‌ಗೂ ಒಮ್ಮತವಿಲ್ಲ.)

ಇಮ್ತಿಯಾಜ್ ಇಲ್ಲಿ ಜರ್ಮನಿಯ ರೇಗನ್ಸ್‌ಬರ್ಗಿನ ಕಾರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇಂಜಿನಿಯರ್. ಬೇರೆ ಕಂಪನಿಗಳು ಕಳಿಸಿದ ಮಾಲನ್ನು ಅನುಮಾನಿಸುವುದೇ ಅವನ ಕೆಲಸ. ಅಲ್ಲಿ ಅದಕ್ಕೆ ಸಂಬಳವಿದೆ. ಮನೆಯಲ್ಲಿ ಉಚಿತ. ಸೂಪರ್ ಮಾರ್ಕೆಟಿಗೆ ಹೋದರೆ ಪ್ರತಿ ಪ್ಯಾಕೆಟ್ಟನ್ನೂ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಒಳಗೆ ಏನೇನು ಹಾಕಿದ್ದಾರೆ ಎಂದು ಓದುತ್ತಾನೆ. ನಮ್ಮ ಮಗಳು ಹಿಬಾ ತನ್ನ ಹೆಸರು ಓದಲು ಬರುವ ಮೊದಲೇ ‘ಗೆಲಾಟಿನೆ’ (ಹಂದಿಯ ಚರ್ಮ, ಮೂಳೆಯಿಂದ ತೆಗೆಯುವ ಅಂಟು) ಎಂಬುದನ್ನು ಗುರುತು ಹಿಡಿಯುತ್ತಿದ್ದಳು. ತಪ್ಪು ಎನ್ನುವುದಿಲ್ಲ. ಹಂದಿಯನ್ನು ಮಿಠಾಯಿಯಲ್ಲೂ ಅಡಗಿಸಿಡುವ ದೇಶದಲ್ಲಿ ಮುಸಲ್ಮಾನರು ಹೀಗೆಯೇ ಬದುಕಬೇಕು. ಆದರೆ ಓದುವ ಚಟ ಪ್ಯಾಕೆಟ್ಟಿನಲ್ಲಿ ನಿಲ್ಲುವುದಿಲ್ಲವಲ್ಲ.

ಈ ಸಲದ ಬೇಸಗೆಗೆ ಅವನ ತಾಯಿ, ನನ್ನ ಮಾಮಿ, ಉಳ್ಳಾಲದಿಂದ ಬಂದಿದ್ದರು. ಆಗಸ್ಟ್ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಬಾಲ್ಕನಿಯಲ್ಲಿ ಕೂರುತ್ತಿದ್ದರು.

“ಇಲ್ಲಿ ಸಮುದ್ರ ಯಾವ ಕಡೆ?”

“ಸಮುದ್ರ ಇಲ್ಲ ಉಮ್ಮ. ಡ್ಯಾನ್ಯೂಬ್ ಉಂಟು.”

“ಅದು ಹೊಳೆ.”

ಚರ್ಚೆ ಮುಗಿಯಿತು. (ನಮ್ಮ ಮನೆಮಾತು ಬ್ಯಾರಿ. ಈ ಮಾತುಗಳನ್ನೆಲ್ಲ ಕನ್ನಡಕ್ಕೆ ತಂದವಳು ನಾನು. ಅಂದರೆ ಸಾಕ್ಷಿ ಆಗಲೇ ಒಂದು ಕೈ ದಾಟಿದೆ, ಗಮನದಲ್ಲಿರಲಿ.)

ಇಮ್ತಿಯಾಜ್‌ಗೆ ಜಪಾನಿನಲ್ಲಿ ಕಂಪನಿ ಕೆಲಸವಿತ್ತು. ಅದು ಮುಗಿದ ಮೇಲೆ ಎಲ್ಲರೂ ಸೇರಿ ಒಂದು ವಾರ ಓಕಿನಾವಾ ಎಂದು ತೀರ್ಮಾನವಾಯಿತು. ಜಪಾನಿನ ನಕ್ಷೆಯಲ್ಲಿ ಜಾಗ ಸಾಲದೆ ಮೂಲೆಯಲ್ಲೊಂದು ಚೌಕ ಹಾಕಿ ಬೇರೆಯಾಗಿ ತೋರಿಸುತ್ತಾರಲ್ಲ, ಆ ದಕ್ಷಿಣದ ದ್ವೀಪಗಳು. ಬೆಚ್ಚಗಿನ ಸಮುದ್ರ. ನಾವಿರುವ ಬವೇರಿಯಾ ರಾಜ್ಯದ ಶಾಲೆಗಳಿಗೆ ರಜೆ ಇರುವ ಕಾಲವೂ ಅಲ್ಲಿ ಚಂಡಮಾರುತ ಬೀಸುವ ಕಾಲವೂ ಒಂದೇ ಎಂಬುದನ್ನು ಮಾತ್ರ ಕ್ವಾಲಿಟಿ ಇಂಜಿನಿಯರ್ ಪರೀಕ್ಷಿಸಿರಲಿಲ್ಲ.

ವಿಮಾನ ನಿಲ್ದಾಣದಿಂದ ಹೊರಗೆ ಬಂದದ್ದೇ ಮಾಮಿ ಸ್ವೆಟರ್ ಬಿಚ್ಚಿದರು. ಬೆವರು, ಉಪ್ಪುಗಾಳಿ, ಬೇಲಿ ತುಂಬ ದಾಸವಾಳ, ಮನೆ ಹಿಂದೆ ಬಾಳೆ, ಪಪ್ಪಾಯಿ. ಸುತ್ತ ನೋಡಿ, “ಇದು ಉಳ್ಳಾಲ ಅಲ್ವಾ?” ಎಂದರು. ಹೌದು. ಉಳ್ಳಾಲಕ್ಕೆ ಹೋಗಲು ಇದಕ್ಕಿಂತ ಹತ್ತಿರದ ದಾರಿಯಿತ್ತು.

ಆದರೆ ಊಟ? ಅಲ್ಲಿಯವರು ಹಂದಿಯಲ್ಲಿ ಅದರ ಕೂಗೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ತಿನ್ನುತ್ತಾರಂತೆ. ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಇಮ್ತಿಯಾಜ್ ಹೊರಡುವ ಮೊದಲೇ ಜಪಾನಿ ಭಾಷೆಯಲ್ಲಿ ಒಂದು ಕಾರ್ಡ್ ಮಾಡಿಸಿ, ಲ್ಯಾಮಿನೇಟ್ ಹಾಕಿಸಿದ್ದ. ನಾವು ಹಂದಿ ಮಾಂಸ, ಹಂದಿ ಕೊಬ್ಬು, ಮದ್ಯ ಸೇರಿದ ಯಾವುದನ್ನೂ ತಿನ್ನುವುದಿಲ್ಲ ಎಂದು. ಹೋಟೆಲಿನವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಓದುತ್ತಿದ್ದರು. ಒಳಗೆ ಹೋಗಿ ಅಡುಗೆಯವರ ಜೊತೆ ಚರ್ಚಿಸುತ್ತಿದ್ದರು. ಹೊರಗೆ ಬಂದು, ನಡು ಬಗ್ಗಿಸಿ, ಕ್ಷಮೆ ಕೇಳುತ್ತಿದ್ದರು. ಖಾತ್ರಿ ಕೊಡಲು ಆಗುವುದಿಲ್ಲ.

ಒಬ್ಬರಾದರೂ ಸುಳ್ಳು ಹೇಳಿದ್ದರೆ ಅವತ್ತು ನಾವು ಊಟ ಮಾಡಿರುತ್ತಿದ್ದೆವು.

ಅನ್ನ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಮತ್ತೆ ಅನ್ನ, ಮೊಟ್ಟೆ, ಬಾಳೆಹಣ್ಣು. ಮಾಮಿಗೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗಿ ಹೊಟ್ಟೆಗೆ ಏನೂ ಬೀಳದಿದ್ದರೆ ಕೈ ನಡುಗುತ್ತದೆ. ಹಿಬಾ ಬಾಳೆಹಣ್ಣು ಕಂಡರೆ ಅಳತೊಡಗಿದಳು, ಅದೂ ಜರ್ಮನ್‌ನಲ್ಲಿ. (ಅವಳಿಗೆ ಕನ್ನಡದಲ್ಲಿ ನಗಲು ಬರುತ್ತದೆ, ಬ್ಯಾರಿಯಲ್ಲಿ ಬಯ್ಯಲು ಬರುತ್ತದೆ. ಅಳು ಮಾತ್ರ ಜರ್ಮನ್.)

ನಾವು ಉಳಿದದ್ದು ದ್ವೀಪದ ಉತ್ತರಕ್ಕೆ, ಕಡಲಂಚಿನ ಒಂದು ಹಳ್ಳಿಯಲ್ಲಿ. ಹವಳದ ಕಲ್ಲಿನ ಗೋಡೆ, ಕೆಂಪು ಹೆಂಚು, ಒಬ್ಬ ಮುದುಕಿ ನಡೆಸುವ ಮನೆ. ಎಲ್ಲರೂ ಆಕೆಯನ್ನು ‘ಒಬಾ’ ಎನ್ನುತ್ತಿದ್ದರು, ಅವರ ಕಡೆ ಅಜ್ಜಿಗೆ ಹಾಗನ್ನುವುದಂತೆ. ಹೋದ ಕೂಡಲೇ ಮಲ್ಲಿಗೆ ವಾಸನೆಯ ಚಹಾ, ಜೊತೆಗೆ ಒಂದು ತುಂಡು ಬೆಲ್ಲ.

“ಮಲ್ಲಿಗೆ ಮುಡಿಯಲಿಕ್ಕೆ ಇರುವುದು, ಕುಡಿಯಲಿಕ್ಕಲ್ಲ,” ಎಂದರು ಮಾಮಿ. ಆಮೇಲೆ ಬೆಲ್ಲ ನೋಡಿದರು. ಮಗನ ಮುಖ ನೋಡಿದರು. ಬಾಯಿಗೆ ಹಾಕಿಕೊಂಡರು.

“ಉಮ್ಮ, ಶುಗರ್.”

“ಶುಗರ್ ಅಲ್ಲ ಮೋನೇ, ಬೆಲ್ಲ.”

ಮೂರನೇ ದಿನ ಚಂಡಮಾರುತ. ಒಬಾ ಕಿಟಕಿಗಳಿಗೆಲ್ಲ ಹಲಗೆ ಎಳೆದು ಚಿಲಕ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಕರೆಂಟು ಹೋಯಿತು, ನೆಟ್‌ವರ್ಕ್ ಹೋಯಿತು. ಅದರ ಹಿಂದೆಯೇ ಇಮ್ತಿಯಾಜ್‌ನ ಅನುವಾದದ ಆ್ಯಪ್ ಕೂಡ. ಅಂಗಡಿಗಳು ಮುಚ್ಚಿದ್ದವು. ಮನೆ ದೋಣಿಯ ಹಾಗೆ ಕಿರುಗುಟ್ಟುತ್ತಿತ್ತು. ನಮ್ಮ ಚೀಲದಲ್ಲಿ ಉಳಿದದ್ದು ಬಾಳೆಹಣ್ಣು, ಅವೂ ಕಪ್ಪಾದವು. ಮಾಮಿ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದರು. ಕೈ ನಡುಗುತ್ತಿತ್ತು.

ಆಗ ಒಬಾ ಬಾಗಿಲಲ್ಲಿ ಬಂದು ನಿಂತಳು. ಎರಡು ಕೈಯಲ್ಲಿ ಎರಡು ಹಾಗಲಕಾಯಿ. ನಮ್ಮ ಯಾರ ಕಡೆಗೂ ನೋಡಲಿಲ್ಲ. ಮಾಮಿಗೆ ಮಾತ್ರ ಎತ್ತಿ ತೋರಿಸಿದಳು.

ಮಾಮಿ ಎದ್ದರು. ತಲೆಯ ಮೇಲಿನ ದುಪಟ್ಟಾ ಬಿಗಿ ಮಾಡಿಕೊಂಡು, ತೋಳು ಮೇಲೆ ಸರಿಸಿ, ಅವಳ ಹಿಂದೆಯೇ ಹೋದರು. ಇಬ್ಬರಿಗೂ ಮತ್ತೊಬ್ಬರ ಭಾಷೆಯ ಒಂದು ಪದವೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಮಾಮಿಯ ಕೂಗು ಕೇಳಿತು: “ನೋಡು ಬಾ ಮಾರಾಯ್ತಿ, ಇವಳೂ ಉಪ್ಪು ಹಾಕಿ ಹಿಂಡ್ತಾಳೆ.”

ನೋಡಲು ಹೋದೆ. ಟಾರ್ಚ್ ಹಿಡಿದು ಒಂದು ಫೋಟೋ ತೆಗೆದೆ. ಎರಡು ಬೆನ್ನು, ಹಲಗೆಯ ಮೇಲೆ ಹಾಗಲದ ಹೋಳು, ಒಲೆಯ ಪಕ್ಕ ಮುಚ್ಚಳವಿರುವ ಡಬ್ಬ. ಗ್ಯಾಸ್ ಒಲೆ, ಮೇಲೆ ಬಾಣಲೆ. ತಪ್ಪು. ಬಾಣಲೆ ನನ್ನ ನೆನಪಿನಲ್ಲಿದೆ, ಫೋಟೋದಲ್ಲಿಲ್ಲ. ಹಾಗಾದರೆ ಆಮೇಲೆ ಇನ್ನೊಮ್ಮೆ ಹೋಗಿದ್ದೆನೇ? ಅಥವಾ ಅಡುಗೆ ಎಂದ ಮೇಲೆ ಬಾಣಲೆ ಇರಲೇಬೇಕೆಂದು ನನ್ನ ತಲೆಯೇ ತಂದಿಟ್ಟಿತೇ?

ತಟ್ಟೆ ಬಂತು. ಹಾಗಲ, ತೋಫು ಎಂಬ ಸೋಯಾ ಪನೀರು, ಮೊಟ್ಟೆ. ಹೊಗೆಯಾಡುತ್ತಿತ್ತು. ಹಿಬಾ ಚಮಚ ಎತ್ತಿದಳು. ಇಮ್ತಿಯಾಜ್ ಅವಳ ಕೈ ಹಿಡಿದ.

“ಉಮ್ಮ, ಯಾವ ಎಣ್ಣೆ ಹಾಕಿದ್ದು?”

ಈಗ ಬಂತು ನೋಡಿ. ಮಾಮಿ ಹೇಳಿದ್ದು, ನನ್ನ ನೆನಪಿನಲ್ಲಿ: “ನಾನು ಅಲ್ಲೇ ಇದ್ದೆ. ಬಿಸ್ಮಿ ಹೇಳಿ ತಿನ್ನು.”

ಇಮ್ತಿಯಾಜ್‌ನ ನೆನಪಿನಲ್ಲಿ: “ನಾನು ನೋಡಿದೆ. ಬಿಸ್ಮಿ ಹೇಳಿ ತಿನ್ನು.”

ಎರಡರ ನಡುವೆ ಎಷ್ಟು ದೂರ ಎಂದು ಯೋಚಿಸಿ. ಅವನದರಲ್ಲಿ ಸಾಕ್ಷಿ ಇದೆ. ನನ್ನದರಲ್ಲಿ ಮೊಮ್ಮಗಳ ಹಸಿವು ನೋಡಲಾರದ ಅಜ್ಜಿ ಇದ್ದಾಳೆ. ಹಿಬಾಳನ್ನು ಕೇಳಿದರೆ ‘ವೈಸ್ ನಿಷ್ಟ್’ ಎನ್ನುತ್ತಾಳೆ, ಗೊತ್ತಿಲ್ಲ ಎಂದು. ಅವಳಿಗೆ ನೆನಪಿರುವುದು ತಾನು ಎರಡು ಸಲ ಹಾಕಿಸಿಕೊಂಡದ್ದು.

ಎಲ್ಲರೂ ತಿಂದೆವು. ಮಾಮಿಯ ಕೈ ನಡುಕ ನಿಂತಿತು. ಒಬಾ ಎದುರು ಕೂತು ನಮ್ಮ ಬಾಯಿಗಳನ್ನೇ ನೋಡುತ್ತಿದ್ದಳು. ಮರುದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಕತೆ ಅಲ್ಲಿಗೇ ಮುಗಿಯಬೇಕಿತ್ತು. ಟ್ರಿಪ್ ಹೇಗಿತ್ತು ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದದ್ದೂ ಅಲ್ಲಿಯವರೆಗೆ ಮಾತ್ರ. ಮುದ್ದಾದ ಕತೆ. ಎಲ್ಲರೂ ‘ಎಷ್ಟು ಚೆಂದ’ ಎನ್ನುತ್ತಿದ್ದರು.

ಮಾಮಿ ಊರಿಗೆ ಹಿಂತಿರುಗಿದ ಮೇಲೆ ಒಂದು ಭಾನುವಾರ ಕೆಳಗಿನ ಮನೆಯ ಫ್ರಾವ್ ಹುಬರ್ ಪ್ಲಮ್ ಕೇಕ್ ತಂದರು. ಅಪ್ಪಟ ಬವೇರಿಯಾದ ಹೆಂಗಸು. ಫೋಟೋ ತೋರಿಸಿದೆ. ಅಡುಗೆಮನೆಯ ಫೋಟೋ ಬಂದಾಗ ಅವರ ಮುಖ ಅರಳಿತು.

“ಅಯ್ಯೋ, ಶ್ಮಾಲ್ಟ್ಸ್ ಡಬ್ಬ. ನನ್ನ ಅಜ್ಜಿಯೂ ಹೀಗೇ ಒಲೆ ಪಕ್ಕ ಇಡುತ್ತಿದ್ದಳು.”

ಶ್ಮಾಲ್ಟ್ಸ್ ಎಂದರೆ ಕರಗಿಸಿಟ್ಟ ಹಂದಿ ಕೊಬ್ಬು. ಇಲ್ಲಿ ಬ್ರೆಡ್ಡಿಗೂ ಸವರುತ್ತಾರೆ.

ಇಮ್ತಿಯಾಜ್ ಕೇಕ್ ಕೆಳಗಿಟ್ಟ. ಅವರು ಹೋದ ಮೇಲೆ ಫೋಟೋವನ್ನು ಹಿಗ್ಗಿಸಿದ. ಇನ್ನೂ ಹಿಗ್ಗಿಸಿದ. ಡಬ್ಬ ಒಡೆದು ಬರೀ ಚೌಕಗಳಾಯಿತು.

“ಎಷ್ಟು ದೊಡ್ಡದು ಮಾಡಿದರೂ ಮುಚ್ಚಳ ತೆರೆಯುವುದಿಲ್ಲ,” ಎಂದೆ.

“ನಿನಗೆ ತಮಾಷೆ.”

“ಗೊತ್ತಿಲ್ಲದೆ ತಿಂದದ್ದಕ್ಕೆ ಪಾಪ ಇಲ್ಲ, ಅಲ್ವಾ?”

“ನಮಗೆ ಗೊತ್ತಿರಲಿಲ್ಲ. ಉಮ್ಮನಿಗೆ?”

ಅದು ಅವನ ಸಂಕಟ. ಕೊಬ್ಬಲ್ಲ. ಅಪ್ಪ ಬೇಗ ತೀರಿಕೊಂಡ ಮನೆಯಲ್ಲಿ ಅವನಿಗೆ ಹಲಾಲು ಹರಾಮು ಹೇಳಿಕೊಟ್ಟವರು ಅವರೇ. ಅವರ ಮಾತಿನ ಮೇಲೆ ಅವನು ಎಂದೂ ಲೇಬಲ್ ಹುಡುಕಿರಲಿಲ್ಲ. ಈಗ ಹುಡುಕುತ್ತಿದ್ದಾನೆ.

ಫೋನ್ ಮಾಡಿ ಕೇಳಿಯೇಬಿಟ್ಟ. ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು.

“ಆ ಡಬ್ಬದಲ್ಲಿ ಎಂಥ ಇತ್ತು ಉಮ್ಮ?”

“ಯಾವ ಡಬ್ಬ?”

“ಒಲೆ ಹತ್ತಿರದ್ದು.”

ಹಿಂದೆ ಮೀನಿನವನ ಹಾರ್ನ್ ಕೇಳಿಸಿತು. “ನೀನು ನನ್ನನ್ನು ಕೇಳ್ತಿದ್ದೀಯಾ, ಇಲ್ಲ ನಿಮ್ಮ ಫ್ಯಾಕ್ಟರಿಗೆ ಮಾಲು ತಂದವರನ್ನು ಕೇಳುವ ಹಾಗೆ ಕೇಳ್ತಿದ್ದೀಯಾ?”

ಅವನು ಸಲಾಂ ಹೇಳಿ ಫೋನ್ ಇಟ್ಟ. ಅಲ್ಲಿಂದ ಪ್ರತಿ ಶುಕ್ರವಾರ ಒಂದೇ ಸಂಭಾಷಣೆ: ಸಲಾಂ, ಮಾತ್ರೆ ತಗೊಂಡ್ಯಾ, ಹಿಬಾ ಹೇಗಿದ್ದಾಳೆ, ಇಡ್ತೇನೆ.

ನನಗೆ ಸಿಟ್ಟು ಬರುವುದು ಯಾರ ಮೇಲೆ ಎಂದು ಹೇಳಲಾರೆ. ಅವನ ಮೇಲೆ? ನಂಬಿಕೆಯನ್ನು ಶ್ರದ್ಧೆಯಿಂದ ಕಾಯುವವನ ಮೇಲೆ ಸಿಟ್ಟಾಗುವುದು ಹೇಗೆ? ಮಾಮಿಯ ಮೇಲೆ? ಒಂದೇ ಪದ ಹೇಳಿದ್ದರೆ ಆಗುತ್ತಿತ್ತು. ಎಣ್ಣೆ. ಅಷ್ಟೆ. ಹೇಳುವುದಿಲ್ಲ. ನಿಜವಾಗಿ ಎಣ್ಣೆಯೇ ಆಗಿದ್ದು, ಮಗ ಅನುಮಾನಿಸಿದನಲ್ಲ ಎಂಬ ಹಟಕ್ಕೆ ಹೇಳುತ್ತಿಲ್ಲವೋ? ಅಥವಾ ಇಷ್ಟು ವಯಸ್ಸಾದ ಮೇಲೆ ಮಗನಿಗೆ ಹೊಸದಾಗಿ ಸುಳ್ಳು ಹೇಳಲು ಮನಸ್ಸಿಲ್ಲವೋ? ಸಿಟ್ಟು ನನ್ನ ಫೋನಿನ ಮೇಲೂ ಇದೆ. ಬೇಡದ್ದನ್ನು ಹಿಡಿದಿಟ್ಟಿತು, ಬೇಕಾದದ್ದನ್ನು ಬಿಟ್ಟಿತು. ಒಬಾಳ ಮುಖದ ಒಂದೂ ಫೋಟೋ ನಮ್ಮ ಹತ್ತಿರ ಇಲ್ಲ. ಡಬ್ಬದ್ದು ಇದೆ.

ಕಳೆದ ಶನಿವಾರ ಇಮ್ತಿಯಾಜ್ ಏಷ್ಯಾ ಅಂಗಡಿಯಿಂದ ಹಾಗಲಕಾಯಿ ತಂದ. ತೋಫು ತಂದ. ಯಾಕೆಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಅವನೇ ಉಮ್ಮನಿಗೆ ಫೋನ್ ಮಾಡಿದ, ಈ ಸಲ ಶುಕ್ರವಾರವಲ್ಲದೆ.

“ಹಾಗಲ ಹೇಗೆ ಮಾಡುವುದು ಉಮ್ಮ? ಅಲ್ಲಿ ಮಾಡಿದ ಹಾಗೆ.”

“ತೆಳ್ಳಗೆ ಕೊಯ್ಯಿ. ಉಪ್ಪು ಹಾಕು. ಹಿಂಡು. ಸಣ್ಣಕ್ಕೆ ಹಿಂಡಬೇಡ, ಜೋರು ಹಿಂಡು.”

“ಆಮೇಲೆ?”

“ಬಾಣಲೆ ಕಾಯಿಸು. ಎಣ್ಣೆ ಹಾಕು.”

ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದೆ. ಅವನೂ ನನ್ನ ಕಡೆ ನೋಡಿದ.

“ಯಾವ ಎಣ್ಣೆ?”

“ನಿನ್ನ ಮನೆಯಲ್ಲಿ ಯಾವುದುಂಟು?”

“ಸೂರ್ಯಕಾಂತಿ.”

“ಹಾಗಾದ್ರೆ ಅದು.”

ಅಷ್ಟೆ. ನಲವತ್ತು ದಾಟಿದ ಮಗನಿಗೆ ತಾಯಿ ಇನ್ನೂ ಒಲೆಯ ಉರಿ ಎಷ್ಟಿರಬೇಕೆಂದು ಹೇಳುತ್ತಲೇ ಇದ್ದರು. ಅವನು ‘ಹೂಂ ಉಮ್ಮ, ಹೂಂ ಉಮ್ಮ’ ಎನ್ನುತ್ತ ಹಾಗಲ ಹಿಂಡುತ್ತಿದ್ದ. ಫೋನು ಉಪ್ಪಿನ ಡಬ್ಬಕ್ಕೆ ಒರಗಿತ್ತು. ಬಹಳ ದಿನದ ಮೇಲೆ ಅವರಿಬ್ಬರು ಅಷ್ಟು ಹೊತ್ತು ಮಾತಾಡಿದ್ದು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಇವನು ಅಡುಗೆ ಮಾಡುತ್ತಿದ್ದಾನೋ, ಅಲ್ಲಿಯ ರುಚಿಗೆ ಹೋಲಿಸಿ ನೋಡಲು ಸ್ಯಾಂಪಲ್ ತಯಾರಿಸುತ್ತಿದ್ದಾನೋ?

ಹಿಬಾಳ ಮುಂದೆ ತಟ್ಟೆ ಇಟ್ಟ. ಕೈ ಕಟ್ಟಿ ನಿಂತ. ಅವಳು ಒಂದು ತುತ್ತು ತಿಂದಳು. ಇನ್ನೊಂದು ತಿಂದಳು.

“ಆಂಡರ್ಸ್,” ಎಂದಳು. ಬೇರೆ ಥರ ಇದೆ.

ಬೇರೆ ಇರದೆ ಏನು? ಅಂಗಡಿಯ ಹಾಗಲ ಬಾಡಿತ್ತು. ತೋಫು ಜರ್ಮನಿಯದ್ದು. ಹೊರಗೆ ಗಾಳಿಯಿಲ್ಲ, ಯಾರೂ ಹಸಿದಿರಲಿಲ್ಲ. ಇದನ್ನೆಲ್ಲ ಇಮ್ತಿಯಾಜ್‌ಗೆ ಹೇಳಿದೆ. ಅವನು ಕೇಳಿಸಿಕೊಂಡ. ತಟ್ಟೆಯಲ್ಲಿ ಉಳಿದದ್ದನ್ನು ತಾನೇ ತಿಂದ. ಕೈ ತೊಳೆದು ಬಂದು, ಮೆಲ್ಲಗೆ ಕೇಳಿದ.

“ಆ ಡಬ್ಬ ಬಿಳಿಯದೇ ಅಲ್ವಾ?”

ಗೊತ್ತಿಲ್ಲ ಎಂದೆ. ಇಷ್ಟೆಲ್ಲ ಬರೆದದ್ದರಲ್ಲಿ ನಾನು ಖಾತ್ರಿ ಕೊಡಬಲ್ಲ ಮಾತು ಅದೊಂದೇ.